ಗೌಜಲಕ್ಕಿಯ ಚರಿತ್ರೆ

ಚರಿತ್ರೆ ಅಂದರೆ ರಾಜರದ್ದು, ಯುದ್ಧದ್ದು ಅಂತ ಮಕ್ಕಳು ತಿಳಿದಿರುತ್ತಾರೆ. ಶಾಲೆ ಪುಸ್ತಕದಲ್ಲಿ ಜಾಸ್ತಿ ಇರೋದೂ ಅದೇ. ಆದರೆ ಮನುಷ್ಯರ ಹತ್ತಿರವೇ ಬಾಳಿದ ಹಕ್ಕಿಗೂ ಒಂದು ಚರಿತ್ರೆ ಇರುತ್ತದೆ. ವೇದದ ಕಾಲದಿಂದ ಇವತ್ತಿನವರೆಗೆ ನಮ್ಮ ಜನರ ಕತೆಯಲ್ಲಿ, ಬಲೆಯಲ್ಲಿ, ಕಾನೂನಿನಲ್ಲಿ ಬಂದಿರುವ ಒಂದು ಹಕ್ಕಿಯ ವಿಷಯ ಇಲ್ಲಿ ಬರೆಯುತ್ತೇನೆ. ಓದುವ ಮಕ್ಕಳಿಗೆ ಅರ್ಥವಾಗಲಿ ಅಂತ ಮಾತಾಡಿದ ಹಾಗೇ ಬರೆದಿದ್ದೇನೆ. ಮೇಷ್ಟ್ರುಗಳು ಇದನ್ನ ತರಗತಿಯಲ್ಲಿ ಓದಿ ಹೇಳಿದರೆ ಇನ್ನೂ ಸಂತೋಷ.

ಪುಸ್ತಕದಲ್ಲಿ ಈ ಹಕ್ಕಿಗೆ ಕೌಜುಗ ಅಂತ ಹೆಸರು. ಗುಂಡ್ಲುಪೇಟೆ ಕಡೆ ಹಳ್ಳಿಗಳಲ್ಲಿ ಗೌಜಲಕ್ಕಿ ಅಂತಾರೆ. ನಮ್ಮ ಅಜ್ಜನ ಕಾಲದಲ್ಲಿ ನಾವು ಆ ಕಡೆಯಿಂದ ಇಲ್ಲಿಗೆ ಬಂದವರು, ಅದಕ್ಕೆ ನನ್ನ ಬಾಯಿಗೆ ಬರೋದೂ ಗೌಜಲಕ್ಕಿ ಅಂತಲೇ. ತಮಿಳಿನಲ್ಲಿ ಕೌದಾರಿ, ಹಿಂದಿಯಲ್ಲಿ ತೀತರ್, ಸಂಸ್ಕೃತದಲ್ಲಿ ತಿತ್ತಿರಿ. ತೀತರ್, ತಿತ್ತಿರಿ ಅನ್ನೋದು ಆ ಹಕ್ಕಿಯ ಕೂಗಿನಿಂದಲೇ ಹುಟ್ಟಿದ ಹೆಸರು. ಹಕ್ಕಿ ತನ್ನ ಹೆಸರನ್ನ ತಾನೇ ಕೂಗಿ ಹೇಳಿತು, ಜನ ಕೇಳಿಸಿಕೊಂಡು ಇಟ್ಟುಕೊಂಡರು.

ಮೊದಲು ಅದು ಹೇಗಿರುತ್ತದೆ ಅಂತ ನೋಡೋಣ. ಗೌಜಲಕ್ಕಿ ನಮ್ಮ ಮನೆ ಕೋಳಿಯ ಬಳಗದ್ದು. ನವಿಲು, ಕಾಡುಕೋಳಿ, ಬುರ್ಲಿ ಎಲ್ಲವೂ ಇದೇ ಬಳಗ. ಗಾತ್ರದಲ್ಲಿ ಬೆಳೆದ ಕೋಳಿಗಿಂತ ಬಹಳ ಚಿಕ್ಕದು. ಕೊಕ್ಕಿನಿಂದ ಬಾಲದ ತುದಿವರೆಗೆ ಸುಮಾರು 30 ಸೆಂಟಿಮೀಟರ್, ಅಂದರೆ ನಿಮ್ಮ ಶಾಲೆಯ ಒಂದು ಸ್ಕೇಲಿನಷ್ಟು. ತೂಕ ಕಾಲು ಕಿಲೋ, ಅದಕ್ಕಿಂತ ಸ್ವಲ್ಪ ಹೆಚ್ಚು. ಮೈಮೇಲೆ ಬೂದಿ ಮತ್ತು ಕಂದು ಬಣ್ಣದ ಸಣ್ಣ ಸಣ್ಣ ಗೆರೆ. ಗಂಟಲು ತಿಳಿ ಹಳದಿ, ಅದರ ಸುತ್ತ ಕರೀ ದಾರ ಕಟ್ಟಿದ ಹಾಗೆ ಒಂದು ಗೆರೆ. ಬಾಲ ಮೋಟು. ಹಾರುವಾಗ ಬಾಲದ ಪಕ್ಕದ ಕೆಂಗಂದು ಬಣ್ಣ ಕಾಣುತ್ತದೆ. ಗಂಡಿಗೆ ಕಾಲಲ್ಲಿ ಹುಂಜಕ್ಕೆ ಇರುವ ಹಾಗೆ ಚೂಪು ಮುಳ್ಳು ಇರುತ್ತದೆ. ಒಣಹುಲ್ಲಿನ ಮಧ್ಯೆ ಅಲ್ಲಾಡದೆ ಕೂತರೆ ನಿಮ್ಮ ಕಾಲ ಹತ್ತಿರ ಇದ್ದರೂ ಕಾಣೋದಿಲ್ಲ.

ಇದು ನೆಲದ ಹಕ್ಕಿ. ರೆಕ್ಕೆ ಇದ್ದರೂ ಕಾಲನ್ನೇ ನಂಬಿದ್ದು. ಆಪತ್ತು ಬಂದರೆ ಮೊದಲು ಪೊದೆಯಿಂದ ಪೊದೆಗೆ ಓಡುತ್ತದೆ. ಇನ್ನು ಆಗೋದಿಲ್ಲ ಅಂದಾಗ ಬುರ್ರಂತ ಎದ್ದು ಸ್ವಲ್ಪ ದೂರ ಹಾರಿ, ರೆಕ್ಕೆ ಬಿಚ್ಚಿಕೊಂಡು ಜಾರಿ ಇಳಿದು, ಮತ್ತೆ ಓಡುತ್ತದೆ. ರಾತ್ರಿ ಮಾತ್ರ ನೆಲದಲ್ಲಿ ಮಲಗದೆ ಮುಳ್ಳುಗಿಡದ ಮೇಲೋ ಗಿಡ್ಡ ಮರದ ಮೇಲೋ ಕೂರುತ್ತದೆ. ನರಿ, ಕಾಡುಬೆಕ್ಕು, ಮುಂಗುಸಿ ಇವುಗಳ ಭಯ. ಹಗಲು ಜೋಡಿಯಾಗಿ, ಇಲ್ಲವೇ ಐದಾರು ಹಕ್ಕಿ ಒಂದು ಸಂಸಾರವಾಗಿ ತಿರುಗುತ್ತವೆ. ಹುಲ್ಲಿನ ಬೀಜ, ಕಳೆಯ ಬೀಜ, ಹೊಲದಲ್ಲಿ ಉದುರಿದ ಕಾಳು ತಿನ್ನುತ್ತವೆ. ಗೆದ್ದಲು ಕಂಡರೆ ಬಹಳ ಆಸೆ. ಕಾಲಲ್ಲಿ ಕೆರೆದು ಕೆರೆದು ಹುಳ ಹೆಕ್ಕುತ್ತವೆ. ಮೈಯಲ್ಲಿ ಹೇನು ಆಗದಿರಲಿ ಅಂತ ದೂಳಲ್ಲಿ ಹೊರಳಾಡಿ ಸ್ನಾನ ಮಾಡುತ್ತವೆ.

ಗೂಡು ಅಂತ ಏನೂ ದೊಡ್ಡದಾಗಿ ಕಟ್ಟೋದಿಲ್ಲ. ಪೊದೆಯ ಬುಡದಲ್ಲಿ, ಬದುವಿನ ಹುಲ್ಲಿನ ಮರೆಯಲ್ಲಿ ನೆಲ ಕೆರೆದು ಒಂದು ತಗ್ಗು ಮಾಡಿ ಆರರಿಂದ ಎಂಟು ಮೊಟ್ಟೆ ಇಡುತ್ತದೆ. ಸುಮಾರು ಮೂರು ವಾರ ಕಾವು. ಗುಬ್ಬಚ್ಚಿ ಮರಿ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದು ಕೂತಿರುತ್ತದಲ್ಲ, ಗೌಜಲಕ್ಕಿ ಮರಿ ಹಾಗಲ್ಲ. ಮೊಟ್ಟೆಯಿಂದ ಬಂದ ಸ್ವಲ್ಪ ಹೊತ್ತಿಗೇ ಕೋಳಿಮರಿ ಹಾಗೆ ತಾಯಿ ಹಿಂದೆ ನಡೆಯುತ್ತದೆ. ಮೊದಲ ದಿನಗಳಲ್ಲಿ ಅದಕ್ಕೆ ಕಾಳಿಗಿಂತ ಹುಳಹುಪ್ಪಟೆಯೇ ಮುಖ್ಯ ಆಹಾರ. ಮಕ್ಕಳೇ, ಈ ಮಾತನ್ನ ನೆನಪಿಟ್ಟುಕೊಳ್ಳಿ. ಮುಂದೆ ಇದರ ಮೇಲೇ ಒಂದು ದೊಡ್ಡ ವಿಷಯ ಬರುತ್ತದೆ.

ನಾನು ಪದ ಹೇಳುವವನಾದ್ದರಿಂದ ಇದರ ಕೂಗಿನ ತಾಳ ಹೇಳದೆ ಮುಂದೆ ಹೋಗೋದಿಲ್ಲ. ಬೆಳಗಿನ ಜಾವ ಮತ್ತು ಸಂಜೆ ಗಂಡು ಕೂಗುತ್ತದೆ. ಮೊದಲು ಟಿಕ್ ಟಿಕ್ ಅಂತ ಒಂದೊಂದೇ ಪೆಟ್ಟು, ತಾಳ ಕೂಡಿಸಿಕೊಳ್ಳುವ ಹಾಗೆ. ಆಮೇಲೆ ಕ-ತೀ-ತರ್, ಕ-ತೀ-ತರ್ ಅಂತ ಮೂರು ಮಾತ್ರೆಯ ನಡೆ. ಮಧ್ಯದ ಅಕ್ಷರ ಎತ್ತರಕ್ಕೆ ಹೋಗುತ್ತದೆ. ಬರಬರುತ್ತಾ ಗತಿ ಜೋರಾಗುತ್ತದೆ. ಒಂದು ಕೂಗಿದರೆ ಆ ಬದುವಿನಿಂದ ಇನ್ನೊಂದು ಉತ್ತರ ಕೊಡುತ್ತದೆ. ಇದು ನನ್ನ ಜಾಗ, ನೀನು ಬರಬೇಡ ಅನ್ನೋದು ಅದರ ಅರ್ಥ. ಸವಾಲ್ ಜವಾಬ್ ಪದ ಹಾಡುವವರು ಕೇಳಬೇಕಾದ ಕೂಗು ಇದು.

ಈಗ ಮಕ್ಕಳು ಕೇಳಬಹುದು, ಅಜ್ಜಾ, ನಮ್ಮ ಪಂದಲೂರಲ್ಲಿ ಈ ಕೂಗು ಯಾಕೆ ಕೇಳೋದಿಲ್ಲ ಅಂತ. ಅದಕ್ಕೆ ಕಾರಣ ಮಳೆ. ಗೌಜಲಕ್ಕಿ ಒಣನೆಲದ ಹಕ್ಕಿ. ಮುಳ್ಳುಪೊದೆ, ಗಿಡ್ಡ ಹುಲ್ಲು, ಹೊಲದ ಬದು ಇರುವ ಕಡೆ ಅದರ ವಾಸ. ನಮ್ಮ ಪಂದಲೂರು, ದೇವಾಲ ಮುಂಗಾರಿಗೆ ಎದೆಯೊಡ್ಡಿ ನಿಂತ ಊರುಗಳು. ಕೇರಳದಿಂದ ಬರುವ ಮೋಡ ಮೊದಲು ನಮ್ಮ ಮೇಲೇ ಸುರಿಯುತ್ತದೆ. ಗೂಡಲೂರು ದಾಟಿ ತೊರಪಳ್ಳಿ, ತೆಪ್ಪಕಾಡು ಮೇಲೆ ಮಸಿನಗುಡಿಗೆ ಹೋಗುವಷ್ಟರಲ್ಲಿ ಮೋಡ ಖಾಲಿ. ಮಸಿನಗುಡಿಗೆ ಬೀಳುವುದರ ಎರಡು ಪಟ್ಟಿಗೂ ಜಾಸ್ತಿ ಮಳೆ ನಮ್ಮಲ್ಲಿ ಬೀಳುತ್ತದೆ. ಅದಕ್ಕೇ ಇಲ್ಲಿ ಟೀ, ಕಾಫಿ, ಮೆಣಸು. ಅಲ್ಲಿ ಜಾಲಿ, ಮುಳ್ಳುಕಾಡು. ಗೌಜಲಕ್ಕಿ ಅಲ್ಲಿ ಇದೆ, ಗುಂಡ್ಲುಪೇಟೆ ಹುರುಳಿ ಹೊಲದಲ್ಲಿ ಇದೆ. ಒಂದೇ ಜಿಲ್ಲೆ, ಒಂದೇ ಬಸ್ಸಿನ ದಾರಿ, ಆದರೆ ಹಕ್ಕಿಗಳ ನಾಡು ಬೇರೆ ಬೇರೆ.

ಹಾಗಂತ ನಮಗೆ ಅದರ ನೆಂಟರು ಇಲ್ಲದೆ ಇಲ್ಲ. ಕಾಫಿ ಗಿಡದ ಕೆಳಗೆ ತರಗೆಲೆ ಕೆರೆಯುತ್ತಾ ಜೋಡಿಯಾಗಿ ತಿರುಗುವ ಒಂದು ಕೆಂಗಂದು ಹಕ್ಕಿ ನೋಡಿದ್ದೀರಲ್ಲ, ಕಣ್ಣಿನ ಸುತ್ತ ಕೆಂಪು ಚರ್ಮ, ಕೆಂಪು ಕಾಲು. ಮಲಯಾಳದವರು ಮುಳ್ಳನ್ ಕೋಳಿ ಅಂತಾರೆ. ಗಂಡಿನ ಒಂದೊಂದು ಕಾಲಲ್ಲಿ ಎರಡು ಮುಳ್ಳು ಕೂಡ ಇರುವುದುಂಟು, ಹೆಣ್ಣಿಗೂ ಮುಳ್ಳು ಉಂಟು. ಮಳೆನಾಡಿನಲ್ಲಿ ಗೌಜಲಕ್ಕಿಯ ಕೆಲಸ ಮಾಡುವುದು ಇದು. ಇನ್ನೊಂದು ಬಣ್ಣದ ಬುರ್ಲಿ. ಕೆಂಪು ಕೊಕ್ಕು, ಕೆಂಪು ಕಾಲು, ಮುಷ್ಟಿಗಾತ್ರ. ಬೆಟ್ಟದ ಹುಲ್ಲು, ಎಸ್ಟೇಟ್ ರಸ್ತೆಯ ಅಂಚಿನಲ್ಲಿ ಆರೇಳು ಒಟ್ಟಿಗೆ ಸಾಲಾಗಿ ಓಡುತ್ತವೆ. ಮೂರನೆಯದು ಎಲ್ಲರಿಗೂ ಗೊತ್ತಿರುವ ಬೂದು ಕಾಡುಕೋಳಿ. ಇದರ ಕತ್ತಿನ ಗರಿಯಲ್ಲಿ ಮೇಣದ ಚುಕ್ಕೆ ಇಟ್ಟ ಹಾಗೆ ಹೊಳೆಯುವ ಬೊಟ್ಟು ಇರುತ್ತದೆ. ಮೀನು ಹಿಡಿಯುವ ಗಾಳಕ್ಕೆ ಸುಳ್ಳು ನೊಣ ಕಟ್ಟಲು ಆ ಗರಿ ಒಳ್ಳೆಯದು ಅಂತ ಹಿಂದೆ ದೊರೆಗಳ ದೇಶಕ್ಕೆಲ್ಲ ಅದನ್ನ ಸಾಗಿಸುತ್ತಿದ್ದರು.

ಇನ್ನು ಚರಿತ್ರೆಗೆ ಬರುತ್ತೇನೆ. ತೈತ್ತಿರೀಯ ಅನ್ನುವ ಮಾತು ದೊಡ್ಡವರು ಕೇಳಿರುತ್ತೀರಿ. ಯಜುರ್ವೇದದ ಒಂದು ಶಾಖೆ ಅದು, ಆ ಹೆಸರಿನ ಉಪನಿಷತ್ತೂ ಇದೆ. ಪುರಾಣದ ಕತೆ ಹೀಗಿದೆ. ವೈಶಂಪಾಯನರಿಗೆ ಶಿಷ್ಯ ಯಾಜ್ಞವಲ್ಕ್ಯನ ಮೇಲೆ ಕೋಪ ಬಂತು. ನನ್ನಿಂದ ಕಲಿತದ್ದನ್ನ ವಾಪಸು ಕೊಡು ಅಂದರು. ಅವನು ಕಲಿತ ವಿದ್ಯೆಯನ್ನೆಲ್ಲ ಕಕ್ಕಿಬಿಟ್ಟ. ಅದು ನೆಲದ ಪಾಲಾಗಬಾರದು ಅಂತ ಉಳಿದ ಶಿಷ್ಯರು ತಿತ್ತಿರಿ ಹಕ್ಕಿಯಾಗಿ ಬಂದು ಒಂದು ಅಕ್ಷರವೂ ಬಿಡದೆ ಹೆಕ್ಕಿಕೊಂಡರು. ಅದಕ್ಕೇ ತೈತ್ತಿರೀಯ ಅಂತ ಹೆಸರು ಬಂತು ಅನ್ನುತ್ತದೆ ಕತೆ. ನೂರು ಹಕ್ಕಿ ಇರುವಾಗ ಕತೆ ಕಟ್ಟಿದವರು ಇದನ್ನೇ ಯಾಕೆ ಆರಿಸಿದರು? ನೆಲದ ಮೇಲೆ ಬಿದ್ದ ಒಂದು ಸಾಸಿವೆ ಕಾಳನ್ನೂ ಬಿಡದೆ ಹೆಕ್ಕುವ ಹಕ್ಕಿ ಇದು. ಕತೆ ಕಟ್ಟಿದವನು ಹೊಲದ ಬದುವಿನಲ್ಲಿ ಕೂತು ನೋಡಿದವನೇ ಇರಬೇಕು ಅಂತ ನನಗನ್ನಿಸುತ್ತದೆ.

ಬೌದ್ಧರ ಜಾತಕ ಕತೆಗಳಲ್ಲೂ ಇದು ಬರುತ್ತದೆ. ಒಂದು ಆಲದ ಮರದ ಹತ್ತಿರ ಆನೆ, ಕೋತಿ, ತಿತ್ತಿರಿ ಮೂವರು ಸ್ನೇಹಿತರು. ನಮ್ಮಲ್ಲಿ ಹಿರಿಯರು ಯಾರು, ಯಾರಿಗೆ ಮರ್ಯಾದೆ ಕೊಡಬೇಕು ಅಂತ ಪ್ರಶ್ನೆ ಬಂತು. ನಾನು ಮರಿಯಾಗಿದ್ದಾಗ ಈ ಮರ ನನ್ನ ಹೊಟ್ಟೆ ಮುಟ್ಟುವಷ್ಟಿತ್ತು ಅಂತ ಆನೆ ಹೇಳಿತು. ನಾನು ಚಿಕ್ಕವನಿದ್ದಾಗ ನೆಲದಲ್ಲೇ ಕೂತು ಇದರ ಕುಡಿ ಕಡಿದು ತಿಂದಿದ್ದೇನೆ ಅಂತ ಕೋತಿ ಹೇಳಿತು. ಬೇರೆ ಕಡೆ ಇದ್ದ ದೊಡ್ಡ ಆಲದ ಹಣ್ಣು ತಿಂದು ಇಲ್ಲಿ ಹಿಕ್ಕೆ ಹಾಕಿದವನು ನಾನು, ಅದರಿಂದಲೇ ಈ ಮರ ಹುಟ್ಟಿತು ಅಂತ ತಿತ್ತಿರಿ ಹೇಳಿತು. ಆನೆ, ಕೋತಿ ಎರಡೂ ಆ ಚಿಕ್ಕ ಹಕ್ಕಿಗೆ ತಲೆಬಾಗಿದವು. ಆನೆ ದಿನಾ ತೋಟಕ್ಕೆ ಬರುವ ನಮ್ಮ ಊರಿನ ಮಕ್ಕಳಿಗೆ ಈ ಕತೆ ಚೆನ್ನಾಗಿ ಹಿಡಿಸುತ್ತದೆ.

ಕನ್ನಡ ನಾಡಿನ ರಾಜರ ಮನೆಗೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಇದ್ದಾನೆ. ಕಲ್ಯಾಣ ಅಂದರೆ ಇವತ್ತಿನ ಬಸವಕಲ್ಯಾಣ. ಅವನು 1129ರ ಹೊತ್ತಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಅಂತ ನೂರು ಅಧ್ಯಾಯದ ಪುಸ್ತಕ ಮಾಡಿದ. ಅಡಿಗೆ, ಸಂಗೀತ, ಆನೆ, ಕುದುರೆ ಎಲ್ಲ ಅದರಲ್ಲಿ ಉಂಟು. ಅರಮನೆಯ ವಿನೋದಗಳಲ್ಲಿ ಕೋಳಿ ಕಾಳಗ, ಟಗರು ಕಾಳಗದ ಜೊತೆಗೆ ಲಾವಕ್ಕಿ ಕಾಳಗಕ್ಕೂ ಒಂದು ಅಧ್ಯಾಯ ಇಟ್ಟಿದ್ದಾನೆ. ಲಾವಕ್ಕಿ ಗೌಜಲಕ್ಕಿಯ ತಮ್ಮ ಇದ್ದ ಹಾಗೆ. ಗೌಜಲಕ್ಕಿಯ ಗಂಡನ್ನೂ ಕಾಳಗಕ್ಕೆ ಸಾಕುವುದು ನಮ್ಮ ದೇಶದಲ್ಲಿ ಬಹಳ ಕಾಲ ನಡೆಯಿತು. ತನ್ನ ಜಾಗಕ್ಕಾಗಿ ಜಗಳ ಆಡುವ ಅದರ ಗುಣವನ್ನೇ ಮನುಷ್ಯ ತಮಾಷೆ ಮಾಡಿಕೊಂಡ.

ಕವಿಗಳ ವಿಷಯವನ್ನೂ ಹೇಳಬೇಕು. ಬೆಳದಿಂಗಳನ್ನೇ ಕುಡಿದು ಬದುಕುತ್ತದೆ ಅಂತ ಕಾವ್ಯದಲ್ಲಿ, ವಚನದಲ್ಲಿ, ಪದದಲ್ಲಿ ಬರುವ ಚಕೋರ ಇದೆಯಲ್ಲ, ಅದೂ ಕೌಜುಗದ ಕುಲವೇ. ಅದರ ವಾಸ ಹಿಮಾಲಯದ ಕಲ್ಲುಬೆಟ್ಟಗಳಲ್ಲಿ. ಪಾಕಿಸ್ತಾನಕ್ಕೆ ಅದೇ ರಾಷ್ಟ್ರಪಕ್ಷಿ. ನಮ್ಮ ಕನ್ನಡ ನಾಡಿನಲ್ಲಿ ಅದು ಇಲ್ಲ. ನಾವು ಪದ ಹೇಳುವವರು ಕಾಣದ ಚಕೋರನನ್ನ ತಲೆಮಾರಿನಿಂದ ಹಾಡಿಕೊಂಡು ಬಂದೆವು, ಬೇಲಿ ಕೆಳಗೆ ಕೂಗುವ ಗೌಜಲಕ್ಕಿಯನ್ನ ಹಾಡಿದ್ದು ಕಮ್ಮಿ.

ಆಮೇಲೆ ಪರದೇಶದವರು ಬಂದರು. ಸೊನ್ನೆರಾ ಅನ್ನುವ ಫ್ರೆಂಚ್ ಪ್ರವಾಸಿ ಪುದುಚೇರಿ ಕಡೆ ಈ ಹಕ್ಕಿಯನ್ನ ನೋಡಿ 1782ರ ತನ್ನ ಪುಸ್ತಕದಲ್ಲಿ ಬರೆದ. 1789ರಲ್ಲಿ ಗ್ಮೆಲಿನ್ ಅನ್ನುವ ಜರ್ಮನ್ ಪಂಡಿತ ಅದಕ್ಕೆ ಲ್ಯಾಟಿನ್ ಹೆಸರು ಇಟ್ಟಾಗ ಪುದುಚೇರಿಯ ಹೆಸರನ್ನೇ ಸೇರಿಸಿದ. ಇವತ್ತಿಗೂ ಪ್ರಪಂಚದ ಎಲ್ಲಾ ಪಕ್ಷಿ ಪುಸ್ತಕದಲ್ಲಿ ಗೌಜಲಕ್ಕಿಯ ಲ್ಯಾಟಿನ್ ಹೆಸರು ಪಾಂಡಿಸೆರಿಯಾನಸ್ ಅಂತ ಮುಗಿಯುತ್ತದೆ. ನಮ್ಮ ಬೂದು ಕಾಡುಕೋಳಿಯ ಲ್ಯಾಟಿನ್ ಹೆಸರಲ್ಲಿ ಆ ಸೊನ್ನೆರಾನ ಹೆಸರೇ ಇದೆ. ಮದರಾಸು ಸೈನ್ಯದಲ್ಲಿ ಡಾಕ್ಟರಾಗಿದ್ದ ಜೆರ್ಡನ್, 1862ರಿಂದ 1864ರವರೆಗೆ ಇಂಡಿಯಾದ ಹಕ್ಕಿಗಳ ಮೇಲೆ ದೊಡ್ಡ ಪುಸ್ತಕ ಅಚ್ಚು ಮಾಡಿಸಿದರು.

ಈಗ ನಮ್ಮ ಊರಿನ ಚರಿತ್ರೆ ಇದಕ್ಕೆ ಸೇರುತ್ತದೆ. ಮೊದಲು ಈ ಸೀಮೆ ಮಲಬಾರಿನ ವಯನಾಡಿಗೆ ಸೇರಿತ್ತು. 1877ರಲ್ಲಿ ನಂಬಾಲಕೋಟೆ, ಚೇರಂಗೋಡು, ಮುನ್ನನಾಡು ಅನ್ನುವ ಮೂರು ಅಂಶಗಳನ್ನ ನೀಲಗಿರಿ ಜಿಲ್ಲೆಗೆ ಸೇರಿಸಿದರು. ಅದೇ 1877ರಲ್ಲಿ ಬೇಟೆಗಾರ ದೊರೆಗಳು ಊಟಿಯಲ್ಲಿ ನೀಲಗಿರಿ ಗೇಮ್ ಅಸೋಸಿಯೇಷನ್ ಅಂತ ಸಂಘ ಮಾಡಿದರು. ಎರಡು ವರ್ಷ ಕಳೆದು 1879ರಲ್ಲಿ ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳನ್ನ ಕಾಯಲು ಮದರಾಸು ಸರ್ಕಾರ ಒಂದು ಕಾನೂನು ತಂದಿತು. ಕಾಟಿ, ಕಡವೆ, ಜಿಂಕೆ ಜೊತೆಗೆ ಕಾಡುಕೋಳಿ, ಕೌಜುಗ, ಬುರ್ಲಿ, ಮುಳ್ಳುಕೋಳಿ ಇವೂ ಆ ಕಾನೂನಿನ ಲೆಕ್ಕಕ್ಕೆ ಬಂದವು. ಇಂಡಿಯಾ ದೇಶದಲ್ಲೇ ಇಂಥ ಕಾನೂನುಗಳಲ್ಲಿ ಇದು ಬಹಳ ಮೊದಲಿನದು.

ಹಕ್ಕಿ ಮೇಲಿನ ಪ್ರೀತಿಯಿಂದ ಮಾಡಿದರೇ ಅಂತ ಕೇಳಿದರೆ, ಮುಂದಿನ ವರ್ಷವೂ ಬೇಟೆಗೆ ಸಿಗಬೇಕು ಅನ್ನೋದೇ ಮುಖ್ಯ. ಮರಿ ಮಾಡುವ ಕಾಲದಲ್ಲಿ ಬೇಟೆ ನಿಲ್ಲಿಸುವುದು, ಲೈಸೆನ್ಸ್ ಇಡುವುದು ಅದರ ದಾರಿ. ಬಂದೂಕು, ಲೈಸೆನ್ಸ್ ಇದ್ದವನದು ಆಟ ಅನ್ನಿಸಿಕೊಂಡಿತು. ಹೊಟ್ಟೆಗಾಗಿ ಉರುಳು ಇಟ್ಟ ಕಾಡಿನ ಮನುಷ್ಯನದು ತಪ್ಪು ಅನ್ನಿಸಿಕೊಂಡಿತು. ನಂಬಾಲಕೋಟೆಯಲ್ಲಿ ಬೇಟೆಗಾರನ ರೂಪದ ವೇಟ್ಟಕ್ಕೊರುಮಗನ್ ದೇವರನ್ನ ಪೂಜೆ ಮಾಡುವ ಸೀಮೆ ನಮ್ಮದು. ಇಲ್ಲಿನ ಜನರಿಗೆ ಬೇಟೆಯ ಕಟ್ಟುಪಾಡು ಗೊತ್ತಿಲ್ಲದ್ದೇನಲ್ಲ. ಆದರೂ ಒಂದು ಮಾತು ಒಪ್ಪಬೇಕು. ಮರಿ ಮಾಡುವ ಕಾಲದಲ್ಲಿ ಮುಟ್ಟಬಾರದು ಅಂತ ಸರ್ಕಾರದ ಪುಸ್ತಕದಲ್ಲಿ ಬರೆದದ್ದು ಒಳ್ಳೆಯದೇ ಆಯಿತು.

ಅದೇ 1879ರಲ್ಲಿ ಪಂದಲೂರು, ದೇವಾಲದಲ್ಲಿ ಚಿನ್ನದ ಹುಚ್ಚು ಹತ್ತಿತ್ತು. ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿ ದುಡ್ಡು ಹರಿದು ಬಂತು. ಬೆಟ್ಟ ತೋಡಿದರು, ಯಂತ್ರ ತಂದರು. ಚಿನ್ನ ಅಂದುಕೊಂಡಷ್ಟು ಸಿಗಲಿಲ್ಲ, 1882ರ ಹೊತ್ತಿಗೆ ಎಲ್ಲ ಮುಳುಗಿತು. ಚಿನ್ನ ಹೋಯಿತು, ತೋಟ ಉಳಿಯಿತು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ಬಂದ ತಮಿಳರಿಗೆ ಕೆಲಸ ಕೊಡಲು 1968ರಲ್ಲಿ ಸರ್ಕಾರಿ ಟೀ ತೋಟ ಶುರುವಾಯಿತು. ಅದೇ ಆಮೇಲೆ ಟಾನ್‌ಟೀ ಆಯಿತು. ಹೀಗೆ ಕಾಡು ಹೋಗಿ ಟೀ ಬಂತು. ಮುಳ್ಳುಕೋಳಿಗೆ, ಬುರ್ಲಿಗೆ ಉಳಿದದ್ದು ತೋಡಿನ ಅಂಚು, ತೋಟದ ಬದು, ಕಾಫಿಯ ನೆರಳು.

ಹಕ್ಕಿ ಹಿಡಿಯುವವರ ಚರಿತ್ರೆಯೂ ಇದೆ. ಗೌಜಲಕ್ಕಿ ಹಿಡಿಯುವ ಹಳೇ ಉಪಾಯ ಅಂದರೆ ಸಾಕಿದ ಒಂದು ಗಂಡನ್ನ ಗೂಡಲ್ಲಿ ಹಾಕಿ ಹೊಲದಲ್ಲಿ ಇಡೋದು. ಅದು ಕೂಗುತ್ತದೆ. ನನ್ನ ಜಾಗದಲ್ಲಿ ಕೂಗುವವನು ಯಾರು ಅಂತ ಅಲ್ಲಿನ ಗಂಡು ಜಗಳಕ್ಕೆ ಬರುತ್ತದೆ, ಸುತ್ತ ಇಟ್ಟ ಉರುಳಿಗೆ ಕಾಲು ಕೊಡುತ್ತದೆ. ಕರ್ನಾಟಕದಲ್ಲಿ ಹಕ್ಕಿಪಿಕ್ಕಿ ಅನ್ನುವ ಜನ ತಲೆಮಾರುಗಳಿಂದ ಹಕ್ಕಿ ಹಿಡಿದೇ ಬದುಕಿದವರು. ಹುಣಸೂರು ತಾಲ್ಲೂಕಿನಲ್ಲಿ ಅವರ ಊರಿಗೆ ಪಕ್ಷಿರಾಜಪುರ ಅಂತಲೇ ಹೆಸರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಗೌಜಲಕ್ಕಿ ಹಿಡಿಯೋದು, ಸಾಕೋದು, ಮಾರೋದು ಬರಬರುತ್ತಾ ಎಲ್ಲ ಅಪರಾಧವಾಯಿತು. ಹಕ್ಕಿಗೆ ಜೀವ ಬಂತು, ಹಿಡಿಯುವವರ ಕಸುಬು ಹೋಯಿತು. ಅವರು ಗಿಡಮೂಲಿಕೆ, ಕೂದಲಿಗೆ ಹಚ್ಚುವ ಎಣ್ಣೆ ಮಾರಿಕೊಂಡು ಊರೂರು, ದೇಶದೇಶ ತಿರುಗಿದರು. 2023ರಲ್ಲಿ ಆಫ್ರಿಕಾದ ಸುಡಾನಿನಲ್ಲಿ ಯುದ್ಧ ಆದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡು ಸರ್ಕಾರ ಕರೆತಂದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಕಾನೂನು ಬೇಕು, ನಾನು ಬೇಡ ಅನ್ನೋದಿಲ್ಲ. ಆದರೆ ಹಕ್ಕಿ ಉಳಿಸಿದ್ದಕ್ಕೆ ಯಾರು ಎಷ್ಟು ಕೊಟ್ಟರು ಅನ್ನೋದನ್ನೂ ಚರಿತ್ರೆಯಲ್ಲಿ ಬರೆದಿಡಬೇಕು.

ಬಲೆಗೂ ಬಂದೂಕಿಗೂ ಕಾನೂನು ಬಂತು. ಆದರೆ ಬಲೆ ಬಂದೂಕು ಇಲ್ಲದೆಯೂ ಹಕ್ಕಿ ಹೋಗಬಹುದು. ಇಂಗ್ಲೆಂಡಿನ ಕತೆ ಕೇಳಿ. ಅಲ್ಲಿ ಗೋಧಿ ಹೊಲದಲ್ಲಿ ಅವರದೇ ಒಂದು ಬೂದು ಕೌಜುಗ ಇದೆ. ದೊರೆಗಳು ನೂರಾರು ವರ್ಷ ಅದನ್ನ ಬೇಟೆಯಾಡಿದರೂ ಅದು ಮುಗಿದಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಲಕ್ಕೆ ಕಳೆನಾಶಕ ಬಂತು. ಅಲ್ಲಿಂದ ಹಕ್ಕಿ ಇಳಿಮುಖ. 1960ರ ದಶಕದ ಕೊನೆಯಿಂದ ಈಚೆಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕಡಿಮೆಯಾಗಿದೆ. 1968ರಿಂದ ಸಸೆಕ್ಸ್ ಅನ್ನುವ ಕಡೆ ಪಾಟ್ಸ್ ಅನ್ನುವ ವಿಜ್ಞಾನಿ ವರ್ಷ ವರ್ಷ ಲೆಕ್ಕ ಹಾಕಿ ಕಾರಣ ಹುಡುಕಿದರು. ಔಷಧಿಗೆ ಕಳೆ ಸತ್ತಿತು. ಕಳೆಯಲ್ಲಿ ಇರುತ್ತಿದ್ದ ಹುಳ ಇಲ್ಲವಾಯಿತು. ಹುಳವಿಲ್ಲದೆ ಮರಿ ಹಸಿದು ಸತ್ತಿತು. ದೊಡ್ಡ ಹಕ್ಕಿಗೆ ಔಷಧಿ ನೇರವಾಗಿ ಏನೂ ಮಾಡದಿದ್ದರೂ ಮರಿ ದಕ್ಕಲಿಲ್ಲ. ಮರಿಗೆ ಮೊದಲ ದಿನಗಳಲ್ಲಿ ಹುಳವೇ ಮುಖ್ಯ ಅಂತ ಮೇಲೆ ನೆನಪಿಡಲು ಹೇಳಿದ್ದು ಇದಕ್ಕೇ. ಆಮೇಲೆ ಅಲ್ಲಿ ಒಂದು ಉಪಾಯ ಕಂಡುಕೊಂಡರು. ಹೊಲದ ಅಂಚಿನಲ್ಲಿ ಕೆಲವು ಮೀಟರ್ ಅಗಲಕ್ಕೆ ಔಷಧಿ ಹೊಡೆಯದೆ ಬಿಡೋದು. ಬಿಟ್ಟ ಕಡೆ ಮರಿ ಹೆಚ್ಚು ಉಳಿದವು.

ಈ ಮಾತು ನಮ್ಮ ಮನೆ ಬಾಗಿಲಿಗೂ ಬಂದಿದೆ. ನಾವು ಚಿಕ್ಕ ಟೀ ಬೆಳೆಗಾರರು. ಹಸಿರು ಎಲೆಗೆ ಸಿಗುವ ದರ ನಮಗೆಲ್ಲ ಗೊತ್ತು. ಕಳೆ ಕೀಳಲು ಆಳು ಸಿಗೋದು ಕಷ್ಟ, ಸಿಕ್ಕರೆ ಕೂಲಿ ಜಾಸ್ತಿ. ಒಂದು ಡಬ್ಬ ಔಷಧಿ ತಂದು ಬೆನ್ನಿಗೆ ಪಂಪು ಕಟ್ಟಿಕೊಂಡರೆ ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ. ಹಾಗಿರುವಾಗ ಹಕ್ಕಿಗಾಗಿ ಔಷಧಿ ಬಿಡಿ ಅಂತ ಪಟ್ಟಣದವರು ಹೇಳಿದರೆ ನಮಗೆ ಸಿಟ್ಟು ಬರೋದು ಸಹಜ. ನಾನು ಮಾಡುವುದನ್ನ ಹೇಳುತ್ತೇನೆ, ಬೇರೆಯವರು ಯೋಚನೆ ಮಾಡಲಿ. ತೋಟದ ಒಳಗಿನ ಕಳೆಯನ್ನ ಕತ್ತಿಯಲ್ಲಿ ಸವರಿಸುತ್ತೇನೆ. ಬದು, ತೋಡಿನ ಅಂಚು, ಬೇಲಿಯ ಬುಡ ಈ ಮೂರು ಕಡೆ ಏನೂ ಹೊಡೆಯೋದಿಲ್ಲ, ಹೆಚ್ಚು ಸವರೋದೂ ಇಲ್ಲ. ಅಲ್ಲಿ ಟೀ ಗಿಡ ಹೇಗೂ ಇಲ್ಲ, ಎಲೆ ಕಡಿಮೆಯಾಗುವ ಮಾತಿಲ್ಲ. ಅದೇ ಬದುವಿನಲ್ಲಿ ಬುರ್ಲಿ ಸಂಸಾರ ಇದೆ. ಮುಳ್ಳುಕೋಳಿ ಜೋಡಿ ಕಾಫಿ ಕೆಳಗಿನಿಂದ ಅಲ್ಲಿಗೆ ಬಂದು ಹೋಗುತ್ತದೆ. ಬದುವಿನ ಮಣ್ಣು ಆಟಿ ಮಳೆಗೆ ಕೊಚ್ಚಿಹೋಗೋದೂ ಕಮ್ಮಿ.

ಮಕ್ಕಳು ಏನು ಮಾಡಬಹುದು? ಉರುಳು ಇಡಬೇಡಿ, ಮೊಟ್ಟೆ ಕಂಡರೆ ಮುಟ್ಟಬೇಡಿ. ತಾಯಿ ಹೆದರಿ ಬಿಟ್ಟುಹೋದರೆ ಆ ವರ್ಷದ ಮರಿ ಹೋಯಿತು. ಮನೆ ನಾಯಿಯನ್ನ ಮುಂಗಾರಿನ ಮೊದಲು ಬದುವಿನ ಕಡೆ ಬಿಡಬೇಡಿ. ಶಾಲೆಯಲ್ಲಿ ಒಂದು ನೋಟು ಪುಸ್ತಕ ಇಟ್ಟು, ಯಾವ ತಾರೀಕು, ಎಲ್ಲಿ, ಎಷ್ಟು ಬುರ್ಲಿ, ಎಷ್ಟು ಮುಳ್ಳುಕೋಳಿ ಕಂಡವು ಅಂತ ಬರೆಯಿರಿ. ಸಸೆಕ್ಸಿನಲ್ಲಿ ಅವರು ಮಾಡಿದ್ದೂ ವರ್ಷಗಟ್ಟಲೆ ಇಂಥ ಲೆಕ್ಕವೇ. ಮೇಷ್ಟ್ರುಗಳು ಮಕ್ಕಳನ್ನ ಮುದುಮಲೆಗೆ ಕರೆದುಕೊಂಡು ಹೋಗುವಾಗ ಆನೆ, ಹುಲಿ ಅಂತ ಮಾತ್ರ ನೋಡದೆ, ಮಸಿನಗುಡಿ ಕಡೆ ಬಸ್ಸು ನಿಲ್ಲಿಸಲು ಅನುಮತಿ ಇರುವ ಜಾಗದಲ್ಲಿ ಬೆಳಿಗ್ಗೆ ಬೇಗ ಐದು ನಿಮಿಷ ನಿಲ್ಲಿಸಿ, ಇಂಜಿನ್ ಆರಿಸಿ ಕಿವಿ ಕೊಡಲು ಹೇಳಲಿ. ಕೆಳಗೆ ಇಳಿಯುವುದು ಬೇಡ, ಅದು ಹುಲಿ ಕಾಡು. ಕಿಟಕಿಯಿಂದಲೇ ಕೇಳುತ್ತದೆ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಈ ಹಕ್ಕಿಗಳಿಗೆ ಅವರು ಏನು ಹೆಸರು ಹೇಳುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ. ಪಣಿಯರು ಒಂದು ಹೆಸರು ಹೇಳುತ್ತಾರೆ, ಕಾಟ್ಟುನಾಯ್ಕರು ಒಂದು, ಚೆಟ್ಟಿಗಳು ಒಂದು, ಬಡಗರು ಒಂದು. ಒಂದೇ ಹಕ್ಕಿಗೆ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಹೆಸರು ಇದೆ ಅಂತ ಯಾರೂ ಇದುವರೆಗೆ ಒಂದು ಕಡೆ ಬರೆದಿಟ್ಟದ್ದು ನಾನು ನೋಡಿಲ್ಲ. ಬರೆದದ್ದನ್ನ ನಮ್ಮ ವಾಚನಾಲಯಕ್ಕೆ ತಂದುಕೊಡಿ. ಮುಂದಿನ ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಿ ಅಚ್ಚು ಮಾಡೋಣ.